ಕಣ್ಣೀರು ಬಾರದ ಆರಾಧನೆ, ಚೀಲಕ್ಕೆ ಎರಡು ಕಿಲೋ ಕಡಿತ: ದೇವರು ಮೆಚ್ಚುವುದು ಯಾವುದನ್ನು?

ಓದುಗರ ಪ್ರಶ್ನೆ: "ಅಯ್ಯನವರೇ, ನಮ್ಮದು ಸಕಲೇಶಪುರ ತಾಲ್ಲೂಕು. ನನ್ನ ಯಜಮಾನರು ಕಾಫಿ ತೋಟವೊಂದರಲ್ಲಿ ರೈಟರು, ಅಂದರೆ ತೂಕ, ಲೆಕ್ಕ ಬರೆಯುವವರು. ತೋಟದವರು ಕೊಟ್ಟ ಮನೆಯಲ್ಲೇ ಇದ್ದೇವೆ. ನಾನು ಮದುವೆಯಾಗಿ ಬಂದಾಗಿನಿಂದ ಚರ್ಚಿನ ಗಾಯನ ಮಂಡಳಿಯಲ್ಲಿ ಹಾಡುತ್ತೇನೆ. ಕಳೆದ ಬೆಳೆ ಹಬ್ಬದಲ್ಲಿ ನಾನೊಬ್ಬಳೇ ಹಾಡಿದ ಕೀರ್ತನೆಯನ್ನು ಎಲ್ಲರೂ ಹೊಗಳಿದರು. ಆಗ ಹಿಗ್ಗಿದೆ. ರಾತ್ರಿ ಮಲಗಿದಾಗ, ಇದು ಅಹಂಕಾರವಲ್ಲವೇ ಎಂದು ನಿದ್ದೆ ಬರಲಿಲ್ಲ. ಆಮೇಲೆ ಹೊರಗಿನಿಂದ ಬಂದ ಬೋಧಕರೊಬ್ಬರು ಪ್ರಾರ್ಥನಾ ಕೂಟದಲ್ಲಿ, ಕಣ್ಣೀರಿಲ್ಲದ ಆರಾಧನೆಯನ್ನು ದೇವರು ಮುಟ್ಟುವುದೇ ಇಲ್ಲ ಎಂದರು. ನನಗೆ ಕಣ್ಣೀರು ಬರುವುದಿಲ್ಲ. ಎರಡು ವರ್ಷದಿಂದ ಮಗನಿಗೆ ಕೆಲಸ ಸಿಗದಿರುವುದಕ್ಕೆ ನನ್ನ ಒಣ ಭಕ್ತಿಯೇ ಕಾರಣ ಎಂದೂ ಹೇಳಿದರು. ಇನ್ನೊಂದು ವಿಷಯ. ತೋಟದಲ್ಲಿ ಕೊಯ್ದವರಿಗೆ ಕೂಲಿ ಕೊಡಲು ಕಾಫಿ ಹಣ್ಣು ತೂಗುವಾಗ ಚೀಲದ ತೂಕವೆಂದು ಪ್ರತಿ ಚೀಲಕ್ಕೆ 2 ಕಿಲೋ ಮುರಿದುಕೊಳ್ಳುತ್ತಾರೆ. ಮ್ಯಾನೇಜರ್ ಹೇಳಿದಂತೆ ಬರೆಯುತ್ತೇನೆ, ಅದರಲ್ಲಿ ನನಗೇನೂ ಬರುವುದಿಲ್ಲ ಎಂದು ನಮ್ಮ ಯಜಮಾನರು ಹೇಳುತ್ತಾರೆ. ಸಭೆಯ ಹಿರಿಯರೊಬ್ಬರಿಗೆ ಇದನ್ನು ತಿಳಿಸಿದೆ. ಹೆಂಗಸು ತಗ್ಗಿ ನಡೆಯಬೇಕು, ಅದೇ ದೇವರಿಗೆ ಮೆಚ್ಚುಗೆ ಎಂದುಬಿಟ್ಟರು. ನಾನು ಹಾಡುವುದನ್ನು ಬಿಟ್ಟುಬಿಡಲೇ? ದೇವರು ಮೆಚ್ಚುವಂತೆ ಬದುಕುವುದು ಹೇಗೆ?"

(ಪತ್ರವನ್ನು ಸಂಕ್ಷೇಪಿಸಿದೆ. ಗುರುತು ಸಿಗುವ ವಿವರಗಳನ್ನು ತೆಗೆದಿದೆ.)

ಉತ್ತರ: ಸಹೋದರಿ, ನಿಮ್ಮ ಪತ್ರವನ್ನು ನಿಧಾನವಾಗಿ ಓದಿದೆ. ಹಾಡು, ಹೊಗಳಿಕೆ, ಕಣ್ಣೀರು, ಮಗನ ಕೆಲಸ ಎಲ್ಲವನ್ನೂ ಹೇಳಿ, ತೂಕದ ಸಂಗತಿಯನ್ನು "ಇನ್ನೊಂದು ವಿಷಯ" ಎಂದು ಕೊನೆಗೆ ತಂದಿದ್ದೀರಿ. ಮಲೆನಾಡಿನ ಸಭೆಗಳಲ್ಲಿ ಸಭಾಪಾಲಕನಾಗಿ ಜನರ ಮಾತು ಕೇಳುತ್ತ ಬಂದವನು ನಾನು. ಮನಸ್ಸನ್ನು ನಿಜವಾಗಿ ಕೊರೆಯುವುದನ್ನು ಜನ ಕೊನೆಗೇ ಹೇಳುತ್ತಾರೆ. ಪ್ರಾರ್ಥನೆ ಮುಗಿದು, ಚಪ್ಪಲಿ ಮೆಟ್ಟಿಕೊಂಡು, ಬಾಗಿಲಿನಲ್ಲಿ ನಿಂತು, "ಅಯ್ಯನವರೇ, ಇನ್ನೊಂದು ಮಾತು" ಎನ್ನುತ್ತಾರೆ. ಆ ಎರಡು ಕಿಲೋ ನಿಮ್ಮ ಒಳಗೆ ಕುಳಿತಿರುವುದರಿಂದಲೇ ಉಳಿದ ಭಯಗಳೂ ಇಷ್ಟು ದೊಡ್ಡದಾಗಿವೆ ಎಂದು ನನಗೆ ಅನಿಸುತ್ತದೆ. ಅದಕ್ಕೆ ಬರುವ ಮೊದಲು ನಿಮ್ಮ ತಲೆಯ ಮೇಲೆ ಹೇರಿರುವ ಕೆಲವು ಅನಗತ್ಯ ಹೊರೆಗಳನ್ನು ಇಳಿಸಬೇಕು.

ಮೊದಲು ಕಣ್ಣೀರಿನ ಮಾತು. ಅತ್ತರೆ ಮಾತ್ರ ದೇವರು ಸ್ವೀಕರಿಸುತ್ತಾನೆ ಎಂದು ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಎಲ್ಲಿಯೂ ಇಲ್ಲ. ಅತ್ತವರು ಅಲ್ಲಿದ್ದಾರೆ, ಅವರ ಕಣ್ಣೀರನ್ನು ದೇವರು ಕಂಡದ್ದೂ ಇದೆ. ಆದರೆ ಅದು ಆರಾಧನೆಗೆ ಕಟ್ಟಬೇಕಾದ ಸುಂಕ ಎಂದು ಯಾರೂ ಹೇಳಿಲ್ಲ. ಯೋಹಾನನ ಸುವಾರ್ತೆಯ ನಾಲ್ಕನೇ ಅಧ್ಯಾಯದಲ್ಲಿ ಸಮಾರ್ಯದ ಹೆಂಗಸು ಆರಾಧನೆಯ ಸ್ಥಳದ ಬಗ್ಗೆ ಕೇಳುತ್ತಾಳೆ, ಈ ಬೆಟ್ಟವೋ ಯೆರೂಸಲೇಮೋ ಎಂದು. ಆತ್ಮದಿಂದಲೂ ಸತ್ಯದಿಂದಲೂ ಆರಾಧಿಸುವವರನ್ನು ತಂದೆಯು ಹುಡುಕುತ್ತಾನೆ ಎಂದು ಯೇಸು ಉತ್ತರಿಸುತ್ತಾನೆ. ನಮ್ಮ ಹಾಸನ ಜಿಲ್ಲೆಯವರಿಗೆ ಇದು ಬೇಗ ತಿಳಿಯಬೇಕು. ಶೆಟ್ಟಿಹಳ್ಳಿಯಲ್ಲಿ 19ನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ರೋಸರಿ ಚರ್ಚು ಗೊರೂರಿನ ಹೇಮಾವತಿ ಅಣೆಕಟ್ಟು ಬಂದ ಮೇಲೆ ಮಳೆಗಾಲದಲ್ಲಿ ನೀರಿನಲ್ಲಿ ನಿಲ್ಲುತ್ತದೆ. ಪ್ರವಾಸಿಗರು ಅದರ ಚಿತ್ರ ತೆಗೆದುಕೊಳ್ಳುತ್ತಾರೆ. ಊರು ಬಿಟ್ಟು ಹೋದ ವಿಶ್ವಾಸಿಗಳು ಹೊಸ ಜಾಗಗಳಲ್ಲಿ ಆರಾಧಿಸಿದರು. ಗೋಡೆ ಬದಲಾದರೂ ಆರಾಧನೆ ಕೆಡಲಿಲ್ಲ ಎಂದ ಮೇಲೆ, ಕಣ್ಣು ಒಣಗಿದ್ದರಿಂದ ಹೇಗೆ ಕೆಟ್ಟೀತು?

ಸತ್ಯ ಎಂದರೆ ಇದ್ದದ್ದನ್ನು ಇದ್ದಂತೆ ದೇವರ ಮುಂದೆ ಇಡುವುದು. ಮನಸ್ಸು ಬರಡಾಗಿದ್ದರೆ ಆ ಬರಡನ್ನೇ ಇಡಬಹುದು. ಕೀರ್ತನೆಗಳ ಗ್ರಂಥ ತೆರೆದು 88ನೆಯದನ್ನು ಓದಿ. ಉಳಿದ ಬಹುಪಾಲು ಗೋಳಿನ ಕೀರ್ತನೆಗಳಲ್ಲಿ ಕೊನೆಗಾದರೂ ಒಂದು ಸ್ತೋತ್ರದ ಸಾಲು ಸಿಗುತ್ತದೆ, ಇದು ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನೂ ಆರಾಧನೆಯ ಪುಸ್ತಕದಿಂದ ಯಾರೂ ಹರಿದು ಹಾಕಲಿಲ್ಲ.

ಕಣ್ಣೀರು ಬಾರದಿರಲು ದೇಹವೂ ಕಾರಣವಾಗಬಹುದು. ಕೊಯ್ಲಿನ ಕಾಲದಲ್ಲಿ ರೈಟರ ಮನೆಯ ಹೆಂಗಸಿನ ದಿನ ಹೇಗಿರುತ್ತದೆ ಎಂದು ಬಲ್ಲೆ. ಬೆಳಗಿನ ಜಾವ ಎದ್ದು ತಿಂಡಿ, ಬುತ್ತಿ. ಸಂಜೆ ತೂಕ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಕೆಲಸ ಎಲ್ಲ ಮುಗಿಸಿ ಗಂಡ ಬರುವಷ್ಟರಲ್ಲಿ ರಾತ್ರಿ ಒಂಬತ್ತು. ದಣಿದ ದೇಹಕ್ಕೆ ಅಳುವ ಶಕ್ತಿಯೂ ಇರುವುದಿಲ್ಲ. ಪ್ರವಾದಿ ಎಲೀಯನು ಸಾಕಪ್ಪಾ ಸಾಕು, ಪ್ರಾಣ ತೆಗೆದುಕೋ ಎಂದು ಗಿಡದ ಕೆಳಗೆ ಮಲಗಿದಾಗ ದೇವದೂತನು ಅವನಿಗೆ ಪ್ರಸಂಗ ಮಾಡಲಿಲ್ಲ. ಎದ್ದು ಊಟ ಮಾಡು ಎಂದ. ರೊಟ್ಟಿ, ನೀರು, ನಿದ್ದೆ, ಮತ್ತೊಮ್ಮೆ ಊಟ, ಆಮೇಲೆ ಪ್ರಯಾಣ. ಒಂದನೇ ಅರಸುಗಳ 19ನೇ ಅಧ್ಯಾಯದಲ್ಲಿ ಈ ಭಾಗ ಬರುತ್ತದೆ. ನಿಮಗೆ ವಾರಗಟ್ಟಲೆ ನಿದ್ದೆ ಬಾರದೆ, ಊಟ ರುಚಿಸದೆ, ದೇವರು ನನ್ನನ್ನು ಕೈಬಿಟ್ಟಿದ್ದಾನೆ ಎಂಬ ಒಂದೇ ಯೋಚನೆ ಸುತ್ತುತ್ತಿದ್ದರೆ ದಯವಿಟ್ಟು ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಹಣವಿಲ್ಲದೆ ಆಪ್ತ ಸಲಹೆ ಸಿಗುತ್ತದೆ. ಅದು ಭಕ್ತಿ ಕಡಿಮೆಯಾಗಿದ್ದರ ಗುರುತೇನೂ ಅಲ್ಲ.

ಮಗನ ಕೆಲಸದ ವಿಷಯದಲ್ಲಿ ಆ ಬೋಧಕರು ಹೇಳಿದ್ದು ನನಗೆ ಸಿಟ್ಟು ತರಿಸಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ಹುಟ್ಟು ಕುರುಡನನ್ನು ಕಂಡು, ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಯೋ ಎಂದು ಶಿಷ್ಯರು ಕೇಳಿದಾಗ, ಇವನೂ ಅಲ್ಲ, ಅವರೂ ಅಲ್ಲ ಎಂದು ಯೇಸು ಹೇಳಿದ್ದಾನೆ. ಸಿಲೋವದ ಗೋಪುರ ಬಿದ್ದು ಸತ್ತ 18 ಮಂದಿ ಉಳಿದವರಿಗಿಂತ ದೊಡ್ಡ ಪಾಪಿಗಳೇನಲ್ಲ ಎಂದೂ ಹೇಳಿದ್ದಾನೆ. ನಿಮ್ಮ ಮಗನಿಗೆ ಕೆಲಸ ಸಿಗದಿರುವುದಕ್ಕೆ ಈ ನಾಡಿನ ಸಾವಿರಾರು ಹುಡುಗರಿಗೆ ಸಿಗದಿರಲು ಇರುವ ಕಾರಣಗಳೇ ಇವೆ. ಆ ಮಾತನ್ನು ಮನೆಯಲ್ಲಿ ಮಗನ ಕಿವಿಗೆ ಬೀಳಿಸಬೇಡಿ. ತನ್ನಿಂದ ತಾಯಿಗೆ ಈ ನಿಂದೆ ಬಂತು ಎಂದು ಅವನು ಕುಗ್ಗುತ್ತಾನೆ.

ಈಗ ಹೊಗಳಿಕೆಗೆ ಬರೋಣ. ಚೆನ್ನಾಗಿ ಹಾಡಿದ್ದನ್ನು ಯಾರೋ ಚೆನ್ನಾಗಿತ್ತು ಎಂದರು, ನಿಮಗೆ ಸಂತೋಷವಾಯಿತು. ಅದರಲ್ಲಿ ಪಾಪವನ್ನು ಹುಡುಕುವುದು ಬೇಡ. ಜನರಿಗೆ ಕಾಣಲಿ ಎಂದು ಧರ್ಮಕಾರ್ಯ ಮಾಡಬೇಡಿ ಎಂದ ಯೇಸುವೇ, ನಿಮ್ಮ ಬೆಳಕು ಜನರ ಮುಂದೆ ಪ್ರಕಾಶಿಸಲಿ ಎಂದೂ ಹೇಳಿದ್ದಾನೆ, ಅದೂ ಒಂದೇ ಪರ್ವತ ಪ್ರಸಂಗದಲ್ಲಿ. ಜನ ಕಂಡರೋ ಇಲ್ಲವೋ ಎಂಬುದು ಅಲ್ಲಿಯ ಪ್ರಶ್ನೆಯಲ್ಲ, ಯಾರಿಗಾಗಿ ಮಾಡಿದಿರಿ ಎಂಬುದು ಪ್ರಶ್ನೆ. ಅಹಂಕಾರವನ್ನು ಪರೀಕ್ಷಿಸಬೇಕೆಂದಿದ್ದರೆ ಹೊಗಳಿದ ದಿನ ನೋಡಿಕೊಳ್ಳಬೇಡಿ. ಮುಂದಿನ ಹಬ್ಬದಲ್ಲಿ ಆ ಕೀರ್ತನೆಯನ್ನು ಇನ್ನೊಬ್ಬಳಿಗೆ ಕೊಟ್ಟು, ಅವಳು ನಿಮಗಿಂತ ಚೆನ್ನಾಗಿ ಹಾಡಿದ ದಿನ ನೋಡಿಕೊಳ್ಳಿ. ಯೇಸು ಹೇಳಿದ ಸಾಮ್ಯದಲ್ಲಿ, ದೇವಾಲಯದಲ್ಲಿ ಪ್ರಾರ್ಥಿಸಿದ ಕಟ್ಟುನಿಟ್ಟಿನ ಧರ್ಮಪಾಲಕನಾದ ಫರಿಸಾಯನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ವಾರಕ್ಕೆರಡಾವರ್ತಿ ಉಪವಾಸ, ಸಂಪಾದನೆಯಲ್ಲಿ ದಶಮಾಂಶ, ಎಲ್ಲ ಮಾಡುತ್ತಿದ್ದ. ದೂರದಲ್ಲಿ ನಿಂತಿದ್ದ ಸುಂಕದವನ ಕಡೆ ಕಣ್ಣು ಹಾಯಿಸಿ, ನಾನು ಇವನಂತಲ್ಲ ಎಂದ ನೋಡಿ, ಕೆಟ್ಟದ್ದು ಅಲ್ಲಿ.

ಬೆಳೆ ಹಬ್ಬದಲ್ಲಿ ಕಾಣಿಕೆಗಳನ್ನು ಹರಾಜು ಹಾಕುವಾಗ ಇದು ಎದ್ದು ಕಾಣುತ್ತದೆ. ಒಬ್ಬರು ಅರೆಬಿಕಾ ಕಾಫಿಯ ಮೂಟೆ ತಂದಿರುತ್ತಾರೆ, ಇನ್ನೊಬ್ಬರು ಬಾಳೆಗೊನೆ, ಮತ್ತೊಬ್ಬರು ಕಾಲು ಕಟ್ಟಿದ ನಾಟಿ ಕೋಳಿ. ಮೂಟೆ ತಂದವರ ಹೆಸರನ್ನು ಧ್ವನಿವರ್ಧಕದಲ್ಲಿ ಕೂಗುತ್ತಾರೆ. ಕೂಲಿಯವರ ಲೈನ್ ಮನೆಯ ಅಜ್ಜಿ ಸೆರಗಿನಲ್ಲಿ ಕಟ್ಟಿ ತಂದ ನಾಲ್ಕು ಮೊಟ್ಟೆ ಮೇಜಿನ ಮೂಲೆಯಲ್ಲಿರುತ್ತವೆ. ಹೆಸರು ಕೂಗಿಸಿಕೊಂಡ ಮಾತ್ರಕ್ಕೆ ಯಾರೂ ಗರ್ವಿಷ್ಠರಾಗುವುದಿಲ್ಲ. ಆದರೆ ಹೆಸರು ಕೂಗದಿದ್ದ ವರ್ಷ ಮೂಟೆ ಬಾರದೇ ಹೋದರೆ ಅದು ಯಾರಿಗೆ ಕೊಟ್ಟದ್ದಾಗಿತ್ತು ಎಂಬುದು ತಿಳಿದುಹೋಗುತ್ತದೆ. ನಿಮ್ಮನ್ನು ಯಾರೂ ಹೊಗಳದ ಭಾನುವಾರಗಳಲ್ಲೂ ನೀವು ಇಷ್ಟು ವರ್ಷ ಹಾಡಿದ್ದೀರಿ. ನನಗೆ ಅಷ್ಟು ಸಾಕು.

ಹಿರಿಯರು ಹೇಳಿದ "ತಗ್ಗಿ ನಡೆಯಬೇಕು" ಎಂಬ ಮಾತನ್ನು ಮಾತ್ರ ಇಷ್ಟು ಸುಲಭವಾಗಿ ಬಿಡಲಾರೆ. ದೀನತೆ ಮತ್ತು ಬಾಯಿ ಮುಚ್ಚಿಕೊಂಡಿರುವುದು ಒಂದೇ ಎಂಬ ತಿಳಿವಳಿಕೆ ನಮ್ಮ ಸಭೆಗಳಲ್ಲಿ ಬೇರೂರಿದೆ. ಹೆಂಗಸರ ವಿಷಯದಲ್ಲಿ, ಕೂಲಿಯವರ ವಿಷಯದಲ್ಲಿ ಅದನ್ನು ಹೆಚ್ಚಾಗಿ ಬಳಸುತ್ತಾರೆ. ಮಾಲೀಕರಿಗೆ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಸತ್ಯವೇದ ಏನು ಹೇಳುತ್ತದೆ? ಅರಣ್ಯಕಾಂಡದ 12ನೇ ಅಧ್ಯಾಯವು ಮೋಶೆಯನ್ನು ಭೂಮಿಯ ಮೇಲಿದ್ದ ಎಲ್ಲರಿಗಿಂತಲೂ ಸಾತ್ವಿಕ ಎಂದು ಕರೆಯುತ್ತದೆ. ಐಗುಪ್ತದ ಅರಸ ಫರೋಹನ ಮುಂದೆ ನಿಂತು, ನನ್ನ ಜನರನ್ನು ಬಿಡು ಎಂಬ ದೇವರ ಮಾತನ್ನು ಮತ್ತೆ ಮತ್ತೆ ಹೇಳಿದವನೂ ಅದೇ ಮೋಶೆ. ಯೇಸು ಶಿಷ್ಯರ ಪಾದ ತೊಳೆದ. ಅದೇ ರಾತ್ರಿ ಮಹಾಯಾಜಕನ ಮುಂದೆ ಓಲೇಕಾರನೊಬ್ಬ ಕೆನ್ನೆಗೆ ಹೊಡೆದಾಗ, ನಾನು ಹೇಳಿದ್ದು ತಪ್ಪಾಗಿದ್ದರೆ ತೋರಿಸು, ಸರಿಯಾಗಿದ್ದರೆ ಏಕೆ ಹೊಡೆಯುತ್ತೀ ಎಂದು ಕೇಳಿದ. ತಿರುಗಿ ಹೊಡೆಯಲಿಲ್ಲ, ಸುಮ್ಮನೆಯೂ ಇರಲಿಲ್ಲ.

ಇನ್ನು ಆ ಎರಡು ಕಿಲೋ.

ಸಂಜೆಯ ತೂಕ ನೀವು ನೋಡಿಯೇ ಇರುತ್ತೀರಿ. ಹಣ್ಣಿನ ಚೀಲ ಹೊತ್ತು ತಂದ ಹೆಂಗಸರು ಸಾಲಾಗಿ ನಿಂತಿರುತ್ತಾರೆ. ಕೈಯೆಲ್ಲ ಹಣ್ಣಿನ ಅಂಟು. ತೂಕದ ಯಂತ್ರ ಕೊಕ್ಕೆಯಲ್ಲಿ ತೂಗುತ್ತಿರುತ್ತದೆ, ಅದರ ಅಂಕಿ ರೈಟರ ಕಡೆಗೆ ತಿರುಗಿರುತ್ತದೆ. ಯಂತ್ರ 42 ಎನ್ನುತ್ತದೆ, ಪುಸ್ತಕದಲ್ಲಿ 40 ಎಂದು ಬೀಳುತ್ತದೆ. ಕೊಯ್ಲಿಗೆಂದು ಅಸ್ಸಾಮಿನಿಂದ ಬಂದವರಿಗೆ ನಮ್ಮ ಲಿಪಿಯೂ ಬಾರದು, ಕೇಳಲು ಭಾಷೆಯೂ ಬಾರದು. ಖಾಲಿ ಪ್ಲಾಸ್ಟಿಕ್ ಚೀಲ ಕಾಲು ಕಿಲೋ ಕೂಡ ತೂಗುವುದಿಲ್ಲ. ಒಬ್ಬಾಕೆ ದಿನಕ್ಕೆ ಎರಡು ಚೀಲ ತಂದರೆ ಹೆಚ್ಚುಕಡಿಮೆ ಮೂರೂವರೆ ಕಿಲೋ ಹಣ್ಣಿನ ಕೂಲಿ ಅವಳಿಗೆ ಸಿಗದೆ ಹೋಯಿತು. ಕೊಯ್ಲು ಮುಗಿಯುವವರೆಗೆ ಪ್ರತಿದಿನ.

ದೇವರು ಮೆಚ್ಚುವಂತೆ ಬದುಕುವುದು ಹೇಗೆ ಎಂದು ಕೇಳಿದ್ದೀರಿ. ಜ್ಞಾನೋಕ್ತಿಗಳ 11ನೇ ಅಧ್ಯಾಯದ ಮೊದಲ ವಚನ ಇದಕ್ಕೇ ಉತ್ತರ ಕೊಡುತ್ತದೆ: ಮೋಸದ ತಕ್ಕಡಿ ಯೆಹೋವನಿಗೆ ಅಸಹ್ಯ, ಸರಿಯಾದ ತೂಕ ಆತನಿಗೆ ಸಂತೋಷ. ನ್ಯಾಯದಿಂದ ನಡೆ, ಕರುಣೆಯನ್ನು ಪ್ರೀತಿಸು, ನಿನ್ನ ದೇವರೊಂದಿಗೆ ದೀನನಾಗಿ ನಡೆದುಕೋ ಎಂಬ ಪ್ರವಾದಿ ಮೀಕನ ವಾಕ್ಯವನ್ನು ನಮ್ಮ ಮನೆಗಳಲ್ಲಿ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತೇವೆ. ಅದೇ ಅಧ್ಯಾಯದಲ್ಲಿ ಮೂರು ವಚನ ಕೆಳಗೆ, ಮೋಸದ ತಕ್ಕಡಿಯನ್ನೂ ಕಳ್ಳ ಕಲ್ಲುಗಳ ಚೀಲವನ್ನೂ ಇಟ್ಟುಕೊಂಡವನನ್ನು ನಿರ್ದೋಷಿ ಎನ್ನಲೇ ಎಂದು ದೇವರು ಕೇಳುತ್ತಾನೆ. ಅದಕ್ಕೆ ಚೌಕಟ್ಟು ಹಾಕಿಸಿದವರಿಲ್ಲ. ಆರಾಧನೆ, ದೀನತೆ, ತೂಕ ಎಂದು ನಾವು ಬೇರೆ ಬೇರೆ ಇಟ್ಟುಕೊಂಡಿರುವುದನ್ನು ಪ್ರವಾದಿಗಳು ಒಟ್ಟಿಗೇ ಹೇಳಿದ್ದಾರೆ. ಹೊಲ ಕೊಯ್ದವರಿಗೆ ನೀವು ಹಿಡಿದುಕೊಂಡ ಕೂಲಿ ಕೂಗಿಕೊಳ್ಳುತ್ತಿದೆ, ಆ ಕೂಗು ಸೇನಾಧೀಶ್ವರನಾದ ಕರ್ತನ ಕಿವಿಗೆ ಬಿದ್ದಿದೆ ಎಂದು ಯಾಕೋಬನ ಪತ್ರಿಕೆಯೂ ಹೇಳುತ್ತದೆ. ನಿಮ್ಮ ಮನಸ್ಸು ಚುಚ್ಚಿದ್ದು ಸರಿಯಾಗಿಯೇ ಚುಚ್ಚಿದೆ.

ಇದನ್ನು ಸರಿಪಡಿಸಿ ದೇವರ ಒಲವನ್ನು ಗಳಿಸಬೇಕು ಎಂದು ಹೊರಡಬೇಡಿ. ಯೊರ್ದನ್ ನದಿಯಲ್ಲಿ ಯೇಸು ದೀಕ್ಷಾಸ್ನಾನ ಹೊಂದಿದಾಗ, ಈತನನ್ನು ಮೆಚ್ಚಿದ್ದೇನೆ ಎಂಬ ಧ್ವನಿ ಕೇಳಿಸಿತು. ಮತ್ತಾಯನ ಸುವಾರ್ತೆಯಲ್ಲಿ ಅಷ್ಟರವರೆಗೆ ಆತನ ಒಂದು ಪ್ರಸಂಗವಿಲ್ಲ, ಒಂದು ಅದ್ಭುತವಿಲ್ಲ. ಮೆಚ್ಚುಗೆ ಮೊದಲು ಬಂತು, ಕೆಲಸ ಆಮೇಲೆ. ಕ್ರಿಸ್ತನಲ್ಲಿರುವ ನಿಮಗೂ ಅದೇ ಕ್ರಮ. ಭಯದಿಂದ ಹೊರಟವರು ಗಂಡನ ಮೇಲೆ ಹರಿಹಾಯುತ್ತಾರೆ, ಇಲ್ಲವೇ ತಮ್ಮನ್ನು ತಾವೇ ಹಿಂಸಿಸಿಕೊಳ್ಳುತ್ತಾರೆ. ಪ್ರೀತಿ ಸಿಕ್ಕಿದೆ ಎಂದು ತಿಳಿದವರು ತಾಳ್ಮೆಯಿಂದ ಕೆಲಸ ಮಾಡಬಲ್ಲರು, ಇಲ್ಲಿ ತಾಳ್ಮೆ ಬೇಕು.

ಏನು ಮಾಡಬಹುದು? ಒಂದನೇ ಸಮುವೇಲನ 25ನೇ ಅಧ್ಯಾಯದಲ್ಲಿ ಅಬೀಗೈಲಳ ಕಥೆ ಇದೆ, ಓದಿಕೊಳ್ಳಿ. ಅವಳ ಗಂಡ ನಾಬಾಲ ಭಾರಿ ಕುಳ. 3,000 ಕುರಿ, 1,000 ಆಡು. ಅವನ ಕುರುಬರನ್ನು ಕಾಡಿನಲ್ಲಿ ಕಾಯ್ದ, ಮುಂದೆ ಅರಸನಾದ ದಾವೀದನ ಆಳುಗಳು ಉಣ್ಣೆ ಕತ್ತರಿಸುವ ಹಬ್ಬದ ದಿನ ಕೈಗೆ ಬಂದಷ್ಟು ಕೊಡಿ ಎಂದು ಕೇಳಿದರೆ ಬೈದು ಅಟ್ಟಿದ. ದಾವೀದ ಕತ್ತಿ ಕಟ್ಟಿಕೊಂಡು ಹೊರಟ. ಅಬೀಗೈಲಳು ರೊಟ್ಟಿ, ಅಡಿಗೆ ಮಾಡಿದ ಕುರಿ, ಒಣದ್ರಾಕ್ಷಿ, ಅಂಜೂರದ ಉಂಡೆಗಳನ್ನು ಕತ್ತೆಗಳ ಮೇಲೆ ಹೇರಿಸಿ ತಾನೇ ಎದುರು ಹೋಗಿ ರಕ್ತಪಾತ ತಪ್ಪಿಸಿದಳು. ಮನೆಗೆ ಬಂದಾಗ ಗಂಡ ಕುಡಿದು ಮತ್ತನಾಗಿದ್ದ. ಆ ರಾತ್ರಿ ಅವಳು ಚಿಕ್ಕದನ್ನಾಗಲಿ ದೊಡ್ಡದನ್ನಾಗಲಿ ಹೇಳಲಿಲ್ಲ. ಬೆಳಗ್ಗೆ ಅಮಲು ಇಳಿದ ಮೇಲೆ ಎಲ್ಲವನ್ನೂ ಹೇಳಿದಳು. ಸತ್ಯವೇದ ಅವಳನ್ನು ಜಾಣೆ ಎನ್ನುತ್ತದೆ, ಗಂಡನ ಮಾತು ಮೀರಿದವಳು ಎಂದು ದೂರುವುದಿಲ್ಲ. ನಿಮ್ಮ ಯಜಮಾನರು ನಾಬಾಲನಂಥವರಲ್ಲ, ನನಗೆ ಗೊತ್ತು. ಸಮಯ ನೋಡಿ ಮಾತನಾಡಿದ ಅವಳ ಜಾಣತನ ನಿಮಗೆ ಬೇಕು, ಅಷ್ಟೇ.

ಆದ್ದರಿಂದ ತೂಕ ಮುಗಿಸಿ ದಣಿದು ಬಂದ ರಾತ್ರಿ ಈ ಮಾತು ಎತ್ತಬೇಡಿ. ರಜೆಯ ದಿನ, ಊಟವಾದ ಮೇಲೆ, ಮಕ್ಕಳಿಲ್ಲದಾಗ ಮಾತನಾಡಿ. "ನೀವು ಮೋಸ ಮಾಡುತ್ತಿದ್ದೀರಿ" ಎಂದು ಶುರುಮಾಡಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಆ ಪುಸ್ತಕದಲ್ಲಿ ನಿಮ್ಮ ಕೈಬರಹವಿದೆ, ನಾಳೆ ತಕರಾರು ಬಂದರೆ ಮ್ಯಾನೇಜರ ಮಾತು ಯಾರಿಗೂ ಕಾಣುವುದಿಲ್ಲ, ನಿಮ್ಮ ಅಕ್ಷರ ಕಾಣುತ್ತದೆ ಎಂದು ಹೇಳಿ. ಅದು ನಿಜವೂ ಹೌದು. ತನಗೇನೂ ಬರುವುದಿಲ್ಲ ಎಂದು ಅವರು ಹೇಳುತ್ತಾರಲ್ಲ, ಅದರಲ್ಲೇ ಅವರ ಅಳುಕು ಕಾಣುತ್ತದೆ. ಸ್ನಾನಿಕನಾದ ಯೋಹಾನನ ಬಳಿಗೆ ಸುಂಕದವರು ಬಂದು ನಾವೇನು ಮಾಡಬೇಕು ಎಂದು ಕೇಳಿದಾಗ ಅವನು ಕೆಲಸ ಬಿಡಿ ಎನ್ನಲಿಲ್ಲ. ನೇಮಕವಾದದ್ದಕ್ಕಿಂತ ಹೆಚ್ಚು ಎತ್ತಬೇಡಿ ಎಂದ. ರೈಟರಿಗೂ ಅದೇ ಮಾತು ಸಾಕು. ಇದರಲ್ಲಿ ಇರುವ ಅಪಾಯವೆಂದರೆ ಕೆಲವು ದಿನ ಮನೆಯಲ್ಲಿ ಮಾತು ನಿಲ್ಲಬಹುದು. ಅದನ್ನು ತಾಳಿಕೊಳ್ಳಬಹುದು. ಕೈ ಮೇಲೆತ್ತುವ ಸ್ವಭಾವ ಅವರಿಗಿದ್ದರೆ ಮಾತ್ರ ಒಬ್ಬರೇ ಈ ಮಾತಿಗೆ ಹೋಗಬೇಡಿ. ಮಹಿಳಾ ಸಹಾಯವಾಣಿ 181 ಇದೆ.

ಅವರು ಒಪ್ಪಿದರೆ ಮುಂದಿನದು ಮ್ಯಾನೇಜರೊಂದಿಗೆ ಮಾತು. ತೋಟದವರ ಕಡೆಗೂ ಒಂದು ನ್ಯಾಯವಿದೆ. ಇಬ್ಬನಿಯಲ್ಲಿ ಕೊಯ್ದ ಹಣ್ಣು ಒದ್ದೆಯಾಗಿರುತ್ತದೆ, ಚೀಲದಲ್ಲಿ ಎಲೆ, ಕಡ್ಡಿ, ಹಸಿರು ಕಾಯಿ ಸೇರಿರುತ್ತವೆ. ಹಾಗಿದ್ದರೆ ಯಾವ ಚೀಲದಲ್ಲಿ ಅದು ಇದೆಯೋ ಆ ಚೀಲವನ್ನು ಸುರಿದು ತೋರಿಸಿ, ಅದಕ್ಕಷ್ಟೇ ಮುರಿದುಕೊಳ್ಳಲಿ. ಎಲ್ಲರ ಎದುರು ಒಮ್ಮೆ ಖಾಲಿ ಚೀಲ ತೂಗಿ ಅಷ್ಟನ್ನು ಮಾತ್ರ ಕಳೆಯುವುದು, ಅಂಕಿ ಕೊಯ್ದವರ ಕಡೆಗೂ ಕಾಣುವಂತೆ ಯಂತ್ರ ತಿರುಗಿಸುವುದು, ದಿನದ ತೂಕದ ಚೀಟಿ ಕೊಡುವುದು. ಇವನ್ನು ದೂರಿನಂತೆ ಹೇಳದೆ, ಕೊಯ್ಲಿನವರು ಬೇರೆ ತೋಟಕ್ಕೆ ಹೋಗದಂತೆ ಉಳಿಸಿಕೊಳ್ಳುವ ದಾರಿ ಎಂದು ಹೇಳಬಹುದು. ಕೊಯ್ಲಿನವರು ಸಿಗುವುದೇ ಕಷ್ಟವಾಗಿರುವ ಕಾಲವಿದು, ಮಾಲೀಕರು ಕಿವಿಗೊಡುವ ಸಾಧ್ಯತೆ ಇದೆ. ಕೊಡದಿದ್ದರೆ ಕೆಲಸ ಹೋಗಬಹುದು, ಕೆಲಸದೊಂದಿಗೆ ಮನೆಯೂ. ಕೊಯ್ಲಿನ ನಡುವೆ ರೈಟರನ್ನು ಬಿಡಿಸುವುದು ತೋಟಕ್ಕೂ ತೊಂದರೆ. ಕೊಯ್ಲು ಮುಗಿದ ಮೇಲೆ ಆ ಅಪಾಯ ಹೆಚ್ಚು. ಅಷ್ಟರೊಳಗೆ ಭವಿಷ್ಯನಿಧಿಯ ಕಾಗದಗಳನ್ನು ಸರಿಮಾಡಿಟ್ಟುಕೊಳ್ಳಿ, ಪಟ್ಟಣದಲ್ಲಿ ಬಾಡಿಗೆ ಮನೆ ಎಷ್ಟಕ್ಕೆ ಸಿಗುತ್ತದೆ ಎಂದು ವಿಚಾರಿಸಿಡಿ. ದೇವರ ಮೇಲೆ ಭಾರ ಹಾಕುವವರು ಇಷ್ಟು ಸಿದ್ಧತೆ ಮಾಡಿಕೊಳ್ಳಬಾರದೆಂದೇನೂ ಇಲ್ಲ.

ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು. ತೂಕದ ಯಂತ್ರಗಳನ್ನು ಪರೀಕ್ಷಿಸಿ ಮುದ್ರೆ ಹಾಕುವ ಕಾನೂನು ಮಾಪನಶಾಸ್ತ್ರ ಇಲಾಖೆಯೂ ಇದೆ. ಆದರೆ ನೀವು ಹೇಳಿದ ತೋಟದಲ್ಲಿ ಯಂತ್ರ ಸರಿಯಿದ್ದು ಬರೆಯುವುದರಲ್ಲಿ ಕಡಿತವಾಗುತ್ತಿರುವುದರಿಂದ ಆ ದಾರಿ ಹೆಚ್ಚು ಉಪಯೋಗಕ್ಕೆ ಬಾರದು. ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಹೆಂಗಸರಿಗೆ ವರಮಾನ ಎಷ್ಟೇ ಇದ್ದರೂ ಉಚಿತವಾಗಿ ಸಲಹೆ ಸಿಗುತ್ತದೆ, ಹಾಸನದ ನ್ಯಾಯಾಲಯದಲ್ಲಿ ವಿಚಾರಿಸಿ. ಒಂದು ಮಾತು ನೆನಪಿರಲಿ. ಕೊಯ್ಲಿನವರಿಗೆ ತಿಳಿಸದೆ ಅವರ ಹೆಸರಿನಲ್ಲಿ ದೂರು ಕೊಡಬೇಡಿ. ಕೂಲಿ ಕಳೆದುಕೊಂಡವರು ಅವರು, ದೂರಿನಿಂದ ರಾತ್ರೋರಾತ್ರಿ ಲಾರಿ ಹತ್ತಬೇಕಾಗಿ ಬಂದರೆ ಹೋಗಬೇಕಾದವರೂ ಅವರೇ.

ನಿಮ್ಮಂಥ ಮನೆಗಳ ಕೆಲವು ಹೆಂಗಸರು ಗಂಡನಿಗೆ ಹೇಳಲಾಗದೆ ಲೈನ್ ಮನೆಯ ಮಕ್ಕಳಿಗೆ ಅಕ್ಕಿ, ಹಳೆಯ ಬಟ್ಟೆ ಕೊಟ್ಟು ಮನಸ್ಸು ಹಗುರ ಮಾಡಿಕೊಳ್ಳುತ್ತಾರೆ. ಕೊಡಿ, ಬೇಡವೆನ್ನುವುದಿಲ್ಲ. ಆದರೆ ಅವರು ದುಡಿದದ್ದನ್ನು ಅವರಿಗೆ ದಾನವಾಗಿ ಕೊಟ್ಟಂತಾಗುತ್ತದೆ ಎಂಬುದು ನಿಮಗೂ ತಿಳಿದಿರಲಿ. ಸುಮ್ಮನಿರುವುದೂ ಒಂದು ದಾರಿಯೇ. ಬಹಳ ಜನ ಹಿಡಿಯುವುದೂ ಅದನ್ನೇ. ಮೊದಲ ವರ್ಷ ನಿದ್ದೆ ಕೆಡುತ್ತದೆ, ಮೂರನೇ ವರ್ಷ ಕೆಡುವುದಿಲ್ಲ. ನನಗೆ ಹೆದರಿಕೆ ಆಗುವುದು ಆ ಮೂರನೇ ವರ್ಷದ ಬಗ್ಗೆ.

ಹಾಡುವುದನ್ನು ಬಿಡಬೇಕೇ ಎಂದರೆ, ಬೇಡ. ನಿಮ್ಮ ಹಾಡುಗಳ ಗದ್ದಲವನ್ನು ನನ್ನಿಂದ ತೊಲಗಿಸಿ ಎಂದು ಪ್ರವಾದಿ ಆಮೋಸನ ಬಾಯಲ್ಲಿ ದೇವರು ಹೇಳಿದ್ದು ನಿಮಗೆ ನೆನಪಾಗಿರಬಹುದು. ಆ ಮಾತು ಹೇಳಿದ್ದು ಹಬ್ಬ ಯಾವಾಗ ಮುಗಿದೀತು, ಅಳತೆ ಕಿರಿದುಮಾಡಿ ಧಾನ್ಯ ಮಾರೋಣ ಎಂದು ಕಾಯುತ್ತ ಕುಳಿತವರಿಗೆ. ಅವರಿಗೆ ನಿದ್ದೆ ಕೆಟ್ಟಿರಲಿಲ್ಲ. ನೀವು ಹಾಡುತ್ತಲೇ ಇರಿ, ಕಣ್ಣು ಒಣಗಿದ್ದರೂ ಹಾಡಿ, ಮುಂದಿನ ಹಬ್ಬಕ್ಕೆ ಆ ಕೀರ್ತನೆಯನ್ನು ಮಂಡಳಿಯ ಕಿರಿಯಳಿಗೆ ಕಲಿಸಿ ಕೊಡಲು ಮನಸ್ಸಾದರೆ ಕೊಡಿ.

ಯಜಮಾನರು ಒಪ್ಪಿದರೆ ಇಬ್ಬರೂ ಸೇರಿ ನಿಮ್ಮ ಸಭಾಪಾಲಕರನ್ನು ಕಾಣಿ. ಭಾನುವಾರ ಆರಾಧನೆ ಮುಗಿದ ಗಡಿಬಿಡಿಯಲ್ಲಿ ಬೇಡ, ವಾರದ ನಡುವೆ ಅವರ ಮನೆಗೆ ಹೋಗಿ. ಮೊದಲು ಸಲಹೆ ಕೊಟ್ಟ ಹಿರಿಯರ ಮುಂದೆ ಮತ್ತೆ ಈ ವಿಷಯ ತೆಗೆಯುವ ಅಗತ್ಯವಿಲ್ಲ. ಸಭೆಯ ಹಿರಿಯರಲ್ಲಿ ತೋಟದವರಿಗೆ ಬೇಕಾದವರಿದ್ದರೆ ತೋಟದ ಹೆಸರನ್ನೂ ಮ್ಯಾನೇಜರ ಹೆಸರನ್ನೂ ಸಭಾಪಾಲಕರ ಹೊರತು ಬೇರೆಯವರಿಗೆ ಹೇಳಬೇಡಿ.